ಪರದೇಶದ ಮನೆಗೆ ದಾವಣಗೆರೆಯ ಹಬ್ಬ: ಏನು ಕಟ್ಟಬೇಕು, ಏನು ಬಿಡಬೇಕು

ದಾವಣಗೆರೆಯಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಸಿಗುತ್ತದೆ. ಹಬ್ಬ ಹತ್ತಿರ ಬಂತೆಂದರೆ ಆ ಮನೆಗಳಲ್ಲಿ ಡಬ್ಬಿ ತುಂಬುವ ಕೆಲಸ ಶುರು. ತುಂಬುವವರಿಗೆ ಮಂಡಿಪೇಟೆಯನ್ನೇ ಗಂಟು ಕಟ್ಟಿ ಕಳಿಸುವ ಹುರುಪು. ಆ ಕಡೆ ಇರುವವರು ಬ್ಯಾಗಿನ ತೂಕ, ಕಸ್ಟಮ್ಸ್ ಅಂತ ಹೇಳಿ ಬೇಡ ಬೇಡ ಅನ್ನುತ್ತಾರೆ. ಕೊನೆಗೆ ಬೇಕಾದ್ದು ಇಲ್ಲೇ ಉಳಿದು, ಅಲ್ಲೇ ಸಿಗುವ ತೊಗರಿಬೇಳೆ ವಿಮಾನ ಹತ್ತಿರುತ್ತದೆ.

ನನ್ನ ಲೆಕ್ಕ ಸರಳ. ಹಬ್ಬದ ಅಡುಗೆಗೆ ಬೇಕಾದ ದಿನಸಿ ಬಹುಪಾಲು ಅಲ್ಲೇ ಸಿಗುತ್ತದೆ. ಇಲ್ಲಿಂದ ಹೋಗಬೇಕಾದ್ದು ಮೂರು: ಹುರಿದು ಮಾಡಿದ ಪುಡಿಗಳು, ನಮ್ಮ ಬಿಸಿಲು ಕಂಡ ಪದಾರ್ಥಗಳು, ಮನೆಯ ಅಳತೆ. ಈ ಲೇಖನ ಇಲ್ಲಿ ಕಟ್ಟುವವರಿಗೂ ಹೌದು, ಅಲ್ಲಿ ಒಲೆ ಹಚ್ಚುವವರಿಗೂ ಹೌದು.

ಒಂದು: ಹಬ್ಬ ಆರಿಸಿಕೊಳ್ಳಿ, ದಿನ ಗೊತ್ತುಮಾಡಿ

ನಮ್ಮ ಕಡೆ ಹಬ್ಬಕ್ಕೇನು ಕಡಿಮೆಯೇ? ಸಂಕ್ರಾಂತಿಗೆ ಎಳ್ಳುಬೆಲ್ಲ, ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಯುಗಾದಿಗೆ ಬೇವುಬೆಲ್ಲ, ಹೋಳಿಗೆ. ಪಂಚಮಿಗೆ ಬಗೆಬಗೆಯ ಉಂಡೆ. ಗಣಪತಿಗೆ ಕಡುಬು, ದೀಪಾವಳಿಗೆ ಮತ್ತೆ ಹೋಳಿಗೆ, ಜೊತೆಗೆ ಹಿರಿಯರಿಗೆ ಬಟ್ಟೆ ಇಟ್ಟು ಎಡೆ. ರಂಜಾನ್ ಆಚರಿಸುವ ಮನೆಗಳಲ್ಲಿ ಶೀರ್ ಕುರ್ಮಾದ ಶಾವಿಗೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಎಲ್ಲವನ್ನೂ ಊರಿನ ಹಾಗೇ ಮಾಡುತ್ತೇನೆಂದು ಹೊರಟರೆ ಎರಡನೇ ವರ್ಷಕ್ಕೇ ಬೇಸರ ಬಂದುಬಿಡುತ್ತದೆ. ವರ್ಷಕ್ಕೆ ಎರಡು ಹಬ್ಬ ದೊಡ್ಡದಾಗಿ ಮಾಡಿ, ಉಳಿದದ್ದಕ್ಕೆ ಒಂದು ಸಿಹಿ, ಒಂದು ದೀಪ ಸಾಕು.

ದಿನದ ವಿಷಯದಲ್ಲಿ ಒಂದು ಗೊಂದಲ ಪ್ರತಿ ವರ್ಷ ಬರುತ್ತದೆ. ಹೆಚ್ಚಿನ ಹಬ್ಬಗಳನ್ನು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂಬುದರ ಮೇಲೆ ಹಿಡಿಯುತ್ತಾರೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಸಂಜೆಯ ಅಮಾವಾಸ್ಯೆ ನೋಡುತ್ತಾರೆ. ಇಲ್ಲಿ ಬೆಳಕು ಹರಿಯುವಾಗ ಅಮೆರಿಕದಲ್ಲಿ ಹಿಂದಿನ ದಿನದ ಸಂಜೆ. ಹಾಗಾಗಿ ಕೆಲವು ವರ್ಷ ಅವರ ಹಬ್ಬ ನಮ್ಮದಕ್ಕಿಂತ ಒಂದು ದಿನ ಮುಂಚೆ ಬೀಳುತ್ತದೆ. ಊರಿನ ಕ್ಯಾಲೆಂಡರ್ ನೋಡಿ ಜಗಳವಾಡುವ ಬದಲು ಅವರಿರುವ ಊರಿನ ದೇವಸ್ಥಾನದ ಪಂಚಾಂಗ ಹಿಡಿಯಿರಿ.

ರಜೆಯ ವಿಷಯವೂ ಬೇರೆಬೇರೆ. ಸಿಂಗಪುರ, ಮಲೇಷ್ಯಾಗಳಲ್ಲಿ ದೀಪಾವಳಿಗೆ ಸಾರ್ವಜನಿಕ ರಜೆ ಇದೆ. ಕ್ಯಾಲಿಫೋರ್ನಿಯಾ 2025ರಲ್ಲಿ ಅದನ್ನು ರಾಜ್ಯದ ರಜೆಗಳ ಪಟ್ಟಿಗೆ ಸೇರಿಸಿತು. ಯುಗಾದಿಗೆ ಈ ಕಡೆಗಳಲ್ಲಿ ಅಂಥ ಭಾಗ್ಯ ಇಲ್ಲ. ಅಂಥ ದಿನ ಬೆಳಗ್ಗೆ ಎಣ್ಣೆಸ್ನಾನ, ಬೇವುಬೆಲ್ಲ ಮುಗಿಸಿ ಆಫೀಸಿಗೆ ಹೋಗಿ ಬನ್ನಿ, ಹೋಳಿಗೆ ಶನಿವಾರಕ್ಕಿರಲಿ. ದೇವರು ಕೋಪಿಸಿಕೊಳ್ಳುವುದಿಲ್ಲ, ಅತ್ತೆ ಕೋಪಿಸಿಕೊಂಡರೆ ನಾನು ಹೊಣೆಯಲ್ಲ.

ಎರಡು: ದಾಟದ ವಸ್ತುಗಳನ್ನು ಮೊದಲೇ ಪಕ್ಕಕ್ಕಿಡಿ

ಕೊಳ್ಳುವ ಪಟ್ಟಿಗಿಂತ ಬಿಡುವ ಪಟ್ಟಿ ಮೊದಲು ಬರೆಯಬೇಕು. ಇದರಲ್ಲಿ ಎರಡು ಬಾಗಿಲು ದಾಟಬೇಕು. ಮೊದಲನೆಯದು ಬೆಂಗಳೂರಿನ ವಿಮಾನ ನಿಲ್ದಾಣ, ಎರಡನೆಯದು ಇಳಿಯುವ ದೇಶದ ಕಸ್ಟಮ್ಸ್.

ಬೆಂಗಳೂರಿನಲ್ಲೇ ನಿಲ್ಲುವ ಮೊದಲ ವಸ್ತು ಒಣ ಕೊಬ್ಬರಿ. ಎಣ್ಣೆಯ ಅಂಶ ಜಾಸ್ತಿ ಇರುವ ಕೊಬ್ಬರಿ ತಾನಾಗಿಯೇ ಕಾದು ಬೆಂಕಿ ಹಿಡಿಯಬಲ್ಲದು ಎಂಬ ಕಾರಣಕ್ಕೆ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಕೊಬ್ಬರಿ ಗಿಟುಕು ಇಲ್ಲದೆ ನಮ್ಮ ಉಂಡೆಯೇ ಇಲ್ಲ, ಎಳ್ಳುಬೆಲ್ಲವೂ ಇಲ್ಲ, ಆದರೂ ಅದನ್ನು ಬಿಟ್ಟೇ ಕಟ್ಟಬೇಕು. ಎಳ್ಳುಬೆಲ್ಲಕ್ಕೆ ಶೇಂಗಾ, ಹುರಿಗಡಲೆ, ಎಳ್ಳು, ಬೆಲ್ಲದ ಚೂರು ಬೆರೆಸಿ ಕಳಿಸಿ, ಕೊಬ್ಬರಿಯನ್ನು ಅವರು ಅಲ್ಲಿ ಕೊಂಡು ಹೆಚ್ಚಿ ಹಾಕಿಕೊಳ್ಳಲಿ. ಕರ್ಪೂರ, ಪಟಾಕಿ, ಸುರುಸುರುಬತ್ತಿ ಕೂಡ ಇದೇ ಸಾಲಿಗೆ ಸೇರಿದವು, ಯಾವ ಬ್ಯಾಗಿನಲ್ಲೂ ಇಡಬೇಡಿ. ಖಾರದ ಪುಡಿ, ಸಾರಿನ ಪುಡಿ, ಉಪ್ಪಿನಕಾಯಿ, ತುಪ್ಪ ಇವನ್ನು ಕೈಚೀಲದಲ್ಲಿ ಇಟ್ಟು ಭದ್ರತಾ ಸಿಬ್ಬಂದಿಯ ಜೊತೆ ವಾದಕ್ಕಿಳಿಯುವುದು ವ್ಯರ್ಥ. ತಗೊಂಡು ಹೋಗುವುದೇ ಆದರೆ ಚೆಕ್-ಇನ್‌ನಲ್ಲಿ ಇಡಿ.

ಇನ್ನು ಎರಡನೇ ಬಾಗಿಲು. ದೇಶಕ್ಕೊಂದು ಕಾನೂನು.

ದುಬೈ, ಅಬುಧಾಬಿ, ಸೌದಿ ಕಡೆ ಹೋಗುವವರು ಗಸಗಸೆಯನ್ನು ಮರೆತುಬಿಡಿ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಅದು ಮಾದಕ ವಸ್ತುವಿನ ಗಿಡದ ಬೀಜ. ಜೇಬಿನಲ್ಲಿ ಒಂದು ಪೊಟ್ಟಣ ಇದ್ದರೂ ಪೊಲೀಸ್ ಠಾಣೆಯ ಮಾತು. ಸಿಂಗಪುರದಲ್ಲೂ ಗಸಗಸೆಗೆ ನಿರ್ಬಂಧ ಇದೆ. ಉಂಡೆಯ ಮೇಲೆ ಉದುರಿಸಿದ್ದು, ಕರ್ಚಿಕಾಯಿಯ ಒಳಗೆ ಬೆರೆಸಿದ್ದು ಕೂಡ ಗಸಗಸೆಯೇ ಅಲ್ಲವೇ, ಆದ್ದರಿಂದ ಕೊಲ್ಲಿಗೆ ಹೋಗುವ ತಿಂಡಿಯನ್ನು ಬೇರೆಯಾಗಿ ಮಾಡಿ. ವೀಳ್ಯದೆಲೆಯನ್ನೂ ದುಬೈಗೆ ಒಯ್ಯಬೇಡಿ.

ಅಮೆರಿಕಕ್ಕೆ ಹಸಿ ಎಲೆ, ಹಸಿ ಹಣ್ಣು, ಹಸಿ ತರಕಾರಿ ಬೇಡ. ಕರಿಬೇವು ವಿಶೇಷವಾಗಿ ಬೇಡ. ಕರಿಬೇವು ನಿಂಬೆಯ ಕುಟುಂಬದ ಗಿಡ, ಅದರ ಎಲೆಯ ಮೇಲೆ ಕೂತು ಹೋಗುವ ಒಂದು ಸಣ್ಣ ಕೀಟ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ ಎಂಬ ಭಯ ಅವರಿಗೆ. ಅಕ್ಕಿಯನ್ನೂ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಖಪ್ರಾ ಎಂಬ ಧಾನ್ಯದ ಹುಳು ಇರುವ ದೇಶಗಳಿಂದ ಬರುವ ಅಕ್ಕಿಗೆ ಅಲ್ಲಿ ತಡೆ, ಆ ದೇಶಗಳಲ್ಲಿ ನಮ್ಮದೂ ಒಂದು.

ಬ್ರಿಟನ್‌ಗೆ, ಐರೋಪ್ಯ ಒಕ್ಕೂಟದ ದೇಶಗಳಿಗೆ ನಮ್ಮಿಂದ ಹಾಲು, ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಬೆಣ್ಣೆ, ತುಪ್ಪ, ಪೇಡ ಎಲ್ಲ ಇದರೊಳಗೇ. ಐರೋಪ್ಯ ಒಕ್ಕೂಟಕ್ಕೆ ಹಸಿ ಹಣ್ಣು ತರಕಾರಿ ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅನಾನಸ್, ಬಾಳೆಹಣ್ಣು, ಖರ್ಜೂರ, ದುರಿಯನ್, ತೆಂಗಿನಕಾಯಿ, ಈ ಐದಕ್ಕೆ ಮಾತ್ರ ವಿನಾಯಿತಿ. ಆಸ್ಟ್ರೇಲಿಯಾದವರು ನಮ್ಮ ಸಿಹಿತಿಂಡಿಗಳ ಹೆಸರು ಹಿಡಿದೇ ಹಾಲಿನದು ತರಬೇಡಿ ಎನ್ನುತ್ತಾರೆ. ನ್ಯೂಜಿಲೆಂಡಿನಲ್ಲಿ ಜೇನುತುಪ್ಪಕ್ಕೂ ಪ್ರವೇಶ ಇಲ್ಲ.

ಹಾಲಿಗೆ ಯಾಕೆ ಇಷ್ಟು ಕಟ್ಟುನಿಟ್ಟು ಎಂದರೆ ಕಾರಣ ನಮ್ಮ ರೈತರಿಗೆಲ್ಲ ಗೊತ್ತಿರುವ ಕಾಲುಬಾಯಿ ರೋಗ. ದೀಪಾವಳಿಗೆ ಹಟ್ಟಿ ಲಕ್ಕಮ್ಮನನ್ನು ಕೂರಿಸಲು ಸಗಣಿ ಬೇಕಲ್ಲ, ಒಣಗಿಸಿ ಕಳಿಸಿದರಾಯಿತು ಎನ್ನುವವರೂ ಇದ್ದಾರೆ. 2021ರಲ್ಲಿ ವಾಷಿಂಗ್ಟನ್ ಬಳಿಯ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಭಾರತದಿಂದ ಬಂದ ಬ್ಯಾಗೊಂದರಲ್ಲಿ ಎರಡು ಬೆರಣಿ ಸಿಕ್ಕಿದ್ದವು. ಇದೇ ರೋಗದ ಭಯಕ್ಕೆ ಅವನ್ನು ನಾಶ ಮಾಡಿದರು. ಲಕ್ಕಮ್ಮನನ್ನು ಅಲ್ಲಿ ಜೇಡಿಮಣ್ಣಿನಲ್ಲೋ ಅರಿಸಿನ ಕಲಸಿದ ಗೋದಿಹಿಟ್ಟಿನಲ್ಲೋ ಮಾಡಿಕೊಳ್ಳಲಿ.

ಎಲ್ಲ ದೇಶಕ್ಕೂ ಸಲ್ಲುವ ಒಂದು ಮಾತು: ತಿನ್ನುವ ವಸ್ತು ಏನಿದ್ದರೂ ಇಳಿದಾಗ ಫಾರಂನಲ್ಲೋ ಬಾಯಿಮಾತಲ್ಲೋ ಹೌದು ಎಂದು ತಿಳಿಸಿ. ಹೇಳಿ ತೋರಿಸಿದರೆ, ಕೊಲ್ಲಿಯ ಗಸಗಸೆಯಂಥದ್ದನ್ನು ಬಿಟ್ಟು, ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ. ಮುಚ್ಚಿಟ್ಟರೆ ದಂಡ. ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್. ಆಸ್ಟ್ರೇಲಿಯಾದಲ್ಲಿ ದೊಡ್ಡ ತಪ್ಪಾದರೆ ವೀಸಾವನ್ನೇ ರದ್ದು ಮಾಡುವ ಅಧಿಕಾರ ಇದೆ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಆ ದೇಶದ ಸರ್ಕಾರಿ ಜಾಲತಾಣವನ್ನು ಮಕ್ಕಳೇ ಒಮ್ಮೆ ನೋಡಲಿ.

ಮೂರು: ಇಲ್ಲಿನ ಪೇಟೆಯಲ್ಲಿ ಏನು ಕೊಳ್ಳಬೇಕು

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದೇ ನಿಜವಾಗಿ ಕಳಿಸಬೇಕಾದ್ದು.

ಮೊದಲನೆಯದು ಮೆಣಸಿನಕಾಯಿ. ಬ್ಯಾಡಗಿ ನಮಗೆ ಪಕ್ಕದ ಹಾವೇರಿ ಜಿಲ್ಲೆ. ಹೊಸ ಕಾಯಿ ಜನವರಿಯಿಂದ ಪೇಟೆಗೆ ಬರುತ್ತದೆ. ಆಗ ಕೊಂಡು, ತೊಟ್ಟು ಮುರಿದು, ನಾಲ್ಕು ಬಿಸಿಲು ತೋರಿಸಿ ಪುಡಿ ಮಾಡಿಸಿಟ್ಟರೆ ದೀಪಾವಳಿಗೂ ಬಣ್ಣ ಇರುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಕಾಶ್ಮೀರಿ ಮೆಣಸಿನಪುಡಿ ಸಿಗುತ್ತದೆ, ಬಣ್ಣ ಹೊಂದುತ್ತದೆ, ಆದರೆ ಎಣ್ಣೆಗಾಯಿಗೆ ಆ ಘಮ ಬರುವುದಿಲ್ಲ. ಖಾರಕ್ಕೆ ಗುಂಟೂರು ಸ್ವಲ್ಪ ಬೆರೆಸಿ. ಬರೀ ಬ್ಯಾಡಗಿಯಾದರೆ ಸಾರು ಕೆಂಪಗೆ ಕಂಡರೂ ಸಪ್ಪೆ.

ಎರಡನೆಯದು ಶೇಂಗಾ. ಚಿತ್ರದುರ್ಗ, ಚಳ್ಳಕೆರೆ ಕಡೆಯವರಿಗೆ ಇದರ ಬಗ್ಗೆ ಹೇಳಬೇಕಾಗಿಲ್ಲ. ಎಣ್ಣೆ ಗಿರಣಿಗಳ ಊರಿನವರು ಕಾಳನ್ನು ಬೆರಳಲ್ಲಿ ಉಜ್ಜಿಯೇ ಹೊಸದೋ ಹಳೆಯದೋ ಹೇಳುತ್ತಾರೆ. ಹಸಿ ಕಾಳಾಗಿ ಕಳಿಸುವ ಬದಲು ಹುರಿದು ಪುಡಿ ಮಾಡಿ ಕಳಿಸಿ. ಮೊಳಕೆ ಒಡೆಯಬಲ್ಲ ಕಾಳನ್ನು ಕಂಡರೆ ಕಸ್ಟಮ್ಸ್‌ನವರಿಗೆ ಅನುಮಾನ ಹೆಚ್ಚು, ಹುರಿದದ್ದಕ್ಕೆ ಕಡಿಮೆ.

ಗುರೆಳ್ಳೂ ಹಾಗೇ. ಅಮೆರಿಕದಲ್ಲಿ ಗುರೆಳ್ಳು ಹಕ್ಕಿಗಳ ಮೇವು. ಕಳೆಬೀಜ ಸೇರಿಬಂದೀತೆಂದು ಅದನ್ನು ಶಾಖ ಕೊಟ್ಟೇ ಒಳಗೆ ಬಿಟ್ಟುಕೊಳ್ಳುತ್ತಾರೆ, ಮೂಟೆಗಟ್ಟಲೆ ಮಾರುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದು ಚಟ್ನಿಪುಡಿ ಮಾಡಬೇಡಿ, ಮನುಷ್ಯರ ಬಳಕೆಗೆಂದು ಶುಚಿ ಮಾಡಿದ್ದಲ್ಲ ಅದು. ಗುರೆಳ್ಳು ಪುಡಿ, ಅಗಸೆ ಪುಡಿ, ಶೇಂಗಾ ಪುಡಿ, ಈ ಮೂರೂ ಇಲ್ಲಿಂದಲೇ ಹೋಗಲಿ.

ಮೂರನೆಯದು ಬಿಸಿಲಿನ ಪದಾರ್ಥ. ಸಂಡಿಗೆ, ಹಪ್ಪಳ, ಕೈ ಶಾವಿಗೆ. ಮಾರ್ಚ್–ಏಪ್ರಿಲ್‌ನ ದಾವಣಗೆರೆ ಬಿಸಿಲನ್ನು ಲಂಡನ್ನಿನಲ್ಲಿ ಯಾವ ದುಡ್ಡಿಗೂ ಕೊಳ್ಳಲಾಗದು. ಹಬ್ಬದ ಎಲೆಗೆ ಎರಡು ಸಂಡಿಗೆ ಬಿದ್ದರೆ ಊಟದ ಕಳೆಯೇ ಬೇರೆ.

ಮಂಡಕ್ಕಿಯ ವಿಷಯಕ್ಕೆ ಬಂದರೆ ದಾವಣಗೆರೆಯವರ ಮನಸ್ಸು ಕೇಳುವುದಿಲ್ಲ, ಗೊತ್ತು. ಬಟ್ಟಿಯಿಂದ ಬಿಸಿಬಿಸಿಯಾಗಿ ತಂದ ಮಂಡಕ್ಕಿಗೂ ಅಲ್ಲಿ ಸಿಗುವ ಪೊಟ್ಟಣದ ಮುರ್‌ಮುರಾಗೂ ಹೋಲಿಕೆ ಇಲ್ಲ. ಆದರೆ ಬ್ಯಾಗಿನ ಅರ್ಧ ಜಾಗ ಅದಕ್ಕೇ ಹೋಗುತ್ತದೆ, ಇಳಿಯುವಷ್ಟರಲ್ಲಿ ಪುಡಿಯಾಗಿರುತ್ತದೆ. ಅಲ್ಲಿನ ಮುರ್‌ಮುರಾವನ್ನೇ ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಆರೇಳು ನಿಮಿಷ ಬೆಚ್ಚಗೆ ಮಾಡಿದರೆ ಗರಿಗರಿಯಾಗುತ್ತದೆ. ಮೇಲೆ ಇಲ್ಲಿಂದ ಹೋದ ಶೇಂಗಾ ಪುಡಿ, ಹುರಿಗಡಲೆ ಪುಡಿ ಉದುರಿಸಿ ಒಗ್ಗರಣೆ ಕೊಟ್ಟರೆ ಪಕ್ಕದಲ್ಲಿ ಮಿರ್ಚಿ ಇದ್ದರೆ ಸಾಕು.

ಬಟ್ಟೆಗೆ ಅವಸರ ಬೇಡ. ಹಿರಿಯರಿಗೆ ಇಡುವ ಸೀರೆ, ಪಂಚೆಯನ್ನು ಶ್ರಾವಣಕ್ಕೆ ಮುಂಚೆ, ಅಂಗಡಿ ಖಾಲಿ ಇರುವಾಗ ಆರಿಸಿ. ದಸರಾ ಹೊತ್ತಿಗೆ ಚೌಕಿಪೇಟೆ, ಮಂಡಿಪೇಟೆ, ಗಡಿಯಾರ ಕಂಬದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ, ಅಂಗಡಿಯವರಿಗೂ ತೋರಿಸುವ ತಾಳ್ಮೆ ಇರುವುದಿಲ್ಲ. ಚಿತ್ರದುರ್ಗದವರಿಗೆ ಲಕ್ಷ್ಮೀ ಬಜಾರಿನಲ್ಲೂ ಇದೇ ಕಥೆ. ಚಕ್ಕುಲಿ ಒತ್ತುವ ಒರಳು ಇಲ್ಲದ ಮನೆಗೆ ಒಂದು ಹಿತ್ತಾಳೆಯದು ಹೋಗಲಿ, ಒಮ್ಮೆ ಕೊಟ್ಟರೆ ಮುಗಿಯಿತು.

ಮಿಕ್ಸಿಯನ್ನು ಮಾತ್ರ ಅಮೆರಿಕಕ್ಕೆ ಇಲ್ಲಿಂದ ಒಯ್ಯಬೇಡಿ. ನಮ್ಮ ವಿದ್ಯುತ್ 230 ವೋಲ್ಟ್, ಅವರದು 120. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಅದೇ ವೋಲ್ಟಿಗೆ ಮಾಡಿದ ನಮ್ಮ ಕಂಪನಿಗಳ ಮಿಕ್ಸಿಯೇ ಸಿಗುತ್ತದೆ. ನವೆಂಬರಿನ ನಾಲ್ಕನೇ ಗುರುವಾರದ ಮರುದಿನ ಬರುವ ಬ್ಲ್ಯಾಕ್ ಫ್ರೈಡೇ ರಿಯಾಯಿತಿಯಲ್ಲಿ ಕೊಂಡರೆ ಇನ್ನೂ ಲಾಭ. ದೀಪಾವಳಿಗೆ ಸಿಗದು, ಸಂಕ್ರಾಂತಿಗೆ ಆಯಿತು. ಬ್ರಿಟನ್, ಯುರೋಪ್, ಕೊಲ್ಲಿ, ಆಸ್ಟ್ರೇಲಿಯಾಗಳಲ್ಲಿ ನಮ್ಮ ಮಿಕ್ಸಿ ನಡೆಯುತ್ತದೆ, ಪ್ಲಗ್ಗಿನ ಅಡಾಪ್ಟರ್ ಇದ್ದರೆ ಸಾಕು.

ನಾಲ್ಕು: ಕಳಿಸಲು ಶೇಂಗಾ ಹೋಳಿಗೆ

ಬೇಳೆ ಹೋಳಿಗೆ ಎರಡು ದಿನಕ್ಕೆ ಹಳಸುತ್ತದೆ, ಪಾರ್ಸೆಲ್ಲಿಗೆ ಆಗದು. ಕಳಿಸಲು ಶೇಂಗಾ ಹೋಳಿಗೆಯೇ ಸರಿ. ಅದರಲ್ಲಿ ಹಾಲಿಲ್ಲ, ಕೊಬ್ಬರಿಯಿಲ್ಲ, ಹತ್ತು ದಿನ ಕೆಡುವುದಿಲ್ಲ.

ಎರಡು ಲೋಟ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೂರಿ. ಅರ್ಧ ಲೋಟ ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿಯಿರಿ. ಎರಡೂ ಪೂರ್ತಿ ತಣ್ಣಗಾದ ಮೇಲೆ ಒಂದೂವರೆ ಲೋಟ ಬೆಲ್ಲದ ಪುಡಿ, ಏಲಕ್ಕಿ ಸೇರಿಸಿ ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸಿ. ಕಣಕಕ್ಕೆ ಮೈದಾ ಅರ್ಧ, ಚಿರೋಟಿ ರವೆ ಅರ್ಧ, ಚಿಟಿಕೆ ಉಪ್ಪು, ಎರಡು ಚಮಚ ಎಣ್ಣೆ. ಹೂರಣ ತುಂಬಿ, ಅಕ್ಕಿಹಿಟ್ಟು ಹಚ್ಚಿ ತೆಳ್ಳಗೆ ಲಟ್ಟಿಸಿ, ಎಣ್ಣೆ ಹಾಕದೆ ಹೆಂಚಿನ ಮೇಲೆ ಎರಡೂ ಕಡೆ ಬೇಯಿಸಿ. ತುಪ್ಪ ಸವರಬೇಡಿ, ತಿನ್ನುವಾಗ ಅವರೇ ಸವರಿಕೊಳ್ಳಲಿ.

ಮುಖ್ಯ ಸಂಗತಿ ಆರಿಸುವುದು. ಬಿಳಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಫ್ಯಾನಿನಡಿ ರಾತ್ರಿಯಿಡೀ ಬಿಡಿ. ಬಿಸಿಯಿರುವಾಗ ಒಂದರ ಮೇಲೊಂದು ಇಟ್ಟರೆ ಬೆವರಿ ಮೂರನೇ ದಿನಕ್ಕೆ ಬೂಷ್ಟು. ಚಟ್ನಿಪುಡಿಗಳಿಗೂ ಇದೇ ನಿಯಮ. ಪುಡಿಗೆ ಹಸಿ ಕರಿಬೇವು ಹಾಕುವುದಾದರೆ ಕೈಯಲ್ಲಿ ಮುರಿದರೆ ಪುಡಿಯಾಗುವಷ್ಟು ಹುರಿದೇ ಹಾಕಿ.

ಪ್ರತಿ ಪೊಟ್ಟಣ ಎರಡು ಕವರಿನೊಳಗೆ ಹೋಗಲಿ. ಒಳಗಿನದರ ಗಾಳಿ ಒತ್ತಿ ತೆಗೆಯಿರಿ. ಸ್ಟೀಲ್ ಡಬ್ಬಿ ಬೇಡ, ತೂಕ ದಂಡ. ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ. ಬರೀ ಚಟ್ನಿಪುಡಿ ಎಂದು ಬರೆದರೆ ಅಧಿಕಾರಿಗೆ ಏನೂ ತಿಳಿಯದು. ಹುರಿದ ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಂದು ಒಳಗಿರುವುದನ್ನು ಬಿಡಿಸಿ ಬರೆಯಿರಿ. ಅಂಗಡಿಯಲ್ಲಿ ಸೀಲ್ ಮಾಡಿಸಿದ ಪೊಟ್ಟಣವಾದರೆ ಇನ್ನೂ ಸಲೀಸು.

ಐದು: ಕೈಯಲ್ಲಿ ಕೊಡುವುದೋ, ಪಾರ್ಸೆಲ್ಲೋ

ಯಾರಾದರೂ ಹೋಗುವವರಿದ್ದರೆ ಅವರ ಕೈಯಲ್ಲಿ ಕೊಡುವುದೇ ಅಗ್ಗ. ಆದರೆ ಒಂದು ಮರ್ಯಾದೆ ಇದೆ. ಒಳಗೇನಿದೆ ಎಂದು ಅವರೆದುರೇ ಬಿಚ್ಚಿ ತೋರಿಸಿ ಕೊಡಿ. ಕಸ್ಟಮ್ಸ್‌ನವರು ಪ್ರಶ್ನೆ ಕೇಳುವುದು ಬ್ಯಾಗ್ ಹೊತ್ತವರನ್ನು, ನಿಮ್ಮನ್ನಲ್ಲ. ನೆಂಟರ ಮಗ ಪಾಪ ಗಸಗಸೆ ಪೊಟ್ಟಣದ ಸಂಗತಿ ದುಬೈಯಲ್ಲಿ ಇಳಿದ ಮೇಲೆ ತಿಳಿಯುವಂತಾಗಬಾರದು.

ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಜಾಗವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 50, 40, 40ರ ಪೆಟ್ಟಿಗೆ ತುಂಬ ಮಂಡಕ್ಕಿ ಹಾಕಿದರೆ, ತಕ್ಕಡಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ತೂಗಿದರೂ, 16 ಕೆಜಿಯ ಲೆಕ್ಕ. ಅದಕ್ಕೇ ಪುಡಿ ಕಳಿಸಿ ಅಂದದ್ದು.

ಅಂಚೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಇದೆ. ಕಸ್ಟಮ್ಸ್ ಘೋಷಣೆಯ ಫಾರಂನಲ್ಲಿ ಒಂದೊಂದು ವಸ್ತುವಿನ ಹೆಸರು, ತೂಕ, ಬೆಲೆ ಬರೆಯಬೇಕು. ಅಮೆರಿಕಕ್ಕೆ ಕಳಿಸುವವರು ಒಂದು ಬದಲಾವಣೆ ಗಮನಿಸಿ. 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಸುಂಕ ಇಲ್ಲ ಎಂಬ ಹಳೆಯ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಈಗ ಪೆಟ್ಟಿಗೆ ಕಟ್ಟುವ ಮೊದಲು ಕೌಂಟರಿನಲ್ಲಿ ವಿಚಾರಿಸಿಯೇ ಕಟ್ಟಿ. ಮನೆಯಲ್ಲೇ ಮಾಡಿದ ತಿಂಡಿಯನ್ನು ಒಬ್ಬರು ಇನ್ನೊಬ್ಬರಿಗೆ ಉಡುಗೊರೆಯಾಗಿ ಕಳಿಸಿದರೆ, ಆಹಾರ ಪದಾರ್ಥಕ್ಕೆ ಅಮೆರಿಕ ಕೇಳುವ ಮುಂಗಡ ಸೂಚನೆಯಿಂದ ವಿನಾಯಿತಿ ಇದೆ. ಮನೆಯಲ್ಲಿ ಮಾಡಿದ್ದು, ಉಡುಗೊರೆ ಎಂದು ಫಾರಂ ಮೇಲೆ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಆರು: ಅಲ್ಲಿನ ಅಂಗಡಿಯಲ್ಲಿ

ಇನ್ನು ಮಾತು ಆ ಕಡೆಯವರಿಗೆ. ಭಾರತೀಯ ಅಂಗಡಿಗೆ ಹಬ್ಬಕ್ಕೆ ಎರಡು ವಾರ ಮುಂಚೆ ಹೋಗಿ. ಕೊನೆಯ ವಾರ ಬೆಲ್ಲ, ಕಡಲೆಬೇಳೆ, ಹಣತೆ ಮೊದಲು ಖಾಲಿಯಾಗುತ್ತವೆ, ಉಳಿದದ್ದರ ಬೆಲೆ ಏರಿರುತ್ತದೆ. ಬೇಳೆ, ಬೆಲ್ಲ, ತುಪ್ಪ, ಚಿರೋಟಿ ರವೆ, ಹುಣಿಸೆಹಣ್ಣು, ಇಂಗು ಎಲ್ಲ ಅಲ್ಲೇ ಕೊಳ್ಳಿ. ಕರಿಬೇವೂ ಅಲ್ಲೇ.

ಭಾರತೀಯ ಅಂಗಡಿ ದೂರ ಇದ್ದವರು ಬೇರೆ ದೇಶದವರ ಅಂಗಡಿಗೆ ಹೋಗಲು ಹಿಂಜರಿಯಬೇಡಿ, ನಮ್ಮ ಅರ್ಧ ಸಾಮಾನು ಅಲ್ಲಿರುತ್ತದೆ. ಮೆಕ್ಸಿಕೋದವರ ಪಿಲೋನ್ಸಿಯೋ ಎಂಬುದು ಅಚ್ಚುಬೆಲ್ಲವೇ. ಫಿಲಿಪ್ಪೀನ್ಸ್‌ನವರ ಅಂಗಡಿಯ ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ, ಬಾಳೆಎಲೆ ಇರುತ್ತವೆ. ಆಯುಧಪೂಜೆಯ ಬೂದುಗುಂಬಳಕಾಯಿ ಚೀನೀಯರ ಅಂಗಡಿಯಲ್ಲಿದೆ. ಪೂಜೆ ಮುಗಿದ ಮೇಲೆ ಅದನ್ನು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಒಡೆಯಬೇಡಿ, ಮಜ್ಜಿಗೆಹುಳಿ ಮಾಡಿ ತಿನ್ನಿ. ಚೆಂಡುಹೂವಿಗೆ ಮತ್ತೆ ಮೆಕ್ಸಿಕೋದವರೇ ಗತಿ. ನವೆಂಬರ್ 1, 2ರಂದು ಅವರೂ ತೀರಿಕೊಂಡ ಹಿರಿಯರಿಗೆ ಚೆಂಡುಹೂವಿಟ್ಟು ಎಡೆ ಇಡುತ್ತಾರೆ. ನಮ್ಮ ಹಿರಿಯರ ಪೂಜೆ ಆಸುಪಾಸಿನಲ್ಲೇ ಬರುವುದರಿಂದ ಹೂವಿಗೆ ಬರವಿಲ್ಲ.

ಯುಗಾದಿಗೆ ಬೇವಿನ ಹೂವು ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ತಮಿಳರ, ಶ್ರೀಲಂಕಾದವರ ಅಂಗಡಿಗಳಲ್ಲಿ ಒಣಗಿಸಿದ ಬೇವಿನ ಹೂವನ್ನು ವೇಪ್ಪಂಪೂ ಎಂಬ ಹೆಸರಲ್ಲಿ ಮಾರುತ್ತಾರೆ. ಸಾರಿಗೆ ಹಾಕಲೆಂದು ಇಟ್ಟಿರುತ್ತಾರೆ, ನಮಗೆ ಬೇವುಬೆಲ್ಲಕ್ಕಾಯಿತು. ಹುರಿಗಡಲೆ ಪುಡಿ, ಬೆಲ್ಲ, ದ್ರಾಕ್ಷಿಯ ಜೊತೆ ಬೆರೆಸಿ.

ಬೆಣ್ಣೆ ಉಪ್ಪಿಲ್ಲದ್ದೇ ಆಗಬೇಕು. ಹಬ್ಬದ ಮರುದಿನ ಬೆಣ್ಣೆ ದೋಸೆ ಮಾಡುವ ಯೋಚನೆ ಇದ್ದರೆ ಇನ್ನೊಂದು ದಾರಿ ಇದೆ: ಗಟ್ಟಿ ಕೆನೆಗೆ ಒಂದು ಚಮಚ ಮೊಸರು ಬೆರೆಸಿ ರಾತ್ರಿ ಬೆಚ್ಚಗಿಟ್ಟು, ಮರುದಿನ ತಣ್ಣಗೆ ಮಾಡಿ ಕಡೆದರೆ ಊರಿನ ಬೆಣ್ಣೆಯ ಹುಳಿಪರಿಮಳ ಬರುತ್ತದೆ.

ಏಳು: ಹೋಳಿಗೆಯ ದಿನ

ಎಂಟು ಜನರಿಗೆ ಎರಡು ಲೋಟ ಕಡಲೆಬೇಳೆ. ಲೋಟ ಎಂದರೆ ಎಷ್ಟು ಎಂಬುದೇ ಜಗಳದ ಮೂಲ, ಇಲ್ಲಿ ಒಂದು ಲೋಟ ಬೇಳೆ ಎಂದರೆ 200 ಗ್ರಾಂ. ಅಮ್ಮನನ್ನು ಕೇಳಿದರೆ "ಕಣ್ಣಳತೆ" ಅನ್ನುತ್ತಾರೆ. ಊರಿಗೆ ಬಂದಾಗ ಅವರು ಹಿಡಿಯಲ್ಲಿ ತೆಗೆದು ಹಾಕುವ ಮುಂಚೆ ತಕ್ಕಡಿಯ ಮೇಲಿಟ್ಟು ಬರೆದುಕೊಳ್ಳಿ. ಬೈಸಿಕೊಂಡರೂ ಬಿಡಬೇಡಿ.

ಕಣಕ ಮೊದಲು. ಅಲ್ಲಿನ ಆಲ್ ಪರ್ಪಸ್ ಹಿಟ್ಟು ಒಂದು ಲೋಟ, ಚಿರೋಟಿ ರವೆ ಒಂದು ಲೋಟ, ಚಿಟಿಕೆ ಅರಿಸಿನ, ಉಪ್ಪು. ಸಡಿಲವಾಗಿ ಕಲಸಿ, ಕಾಲು ಲೋಟ ಎಣ್ಣೆ ಹಾಕಿ ನಾದಿ ಮುಚ್ಚಿಡಿ. ನಮ್ಮ ಬಿಸಿಲಿನಲ್ಲಿ ಒಂದು ಗಂಟೆಗೆ ಹದವಾಗುವ ಕಣಕ ಅಲ್ಲಿನ ಚಳಿಗೆ ಮೂರು ಗಂಟೆ ಬೇಡುತ್ತದೆ. ಎಳೆದರೆ ರಬ್ಬರಿನಂತೆ ಹಿಂದಕ್ಕೆ ಹೋದರೆ ಇನ್ನೂ ಕಾಯಬೇಕು. ಬ್ರೆಡ್ಡಿನ ಹಿಟ್ಟು ತರಬೇಡಿ, ಅದು ಎಷ್ಟು ಕಾದರೂ ಬಗ್ಗದು.

ಬೇಳೆಯನ್ನು ಬೆರಳಲ್ಲಿ ಒತ್ತಿದರೆ ನುಗ್ಗಬೇಕು, ಕರಗಿರಬಾರದು. ಕುಕ್ಕರಿನಲ್ಲಾದರೆ ಎರಡು ಕೂಗು. ಬೇಳೆ ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದು ಬೇರೆ ಇಡಿ, ಅದೇ ಸಾರಿನ ಜೀವ. ಬೇಳೆಗೆ 350 ಗ್ರಾಂ ಬೆಲ್ಲ ಸೇರಿಸಿ, ಚಮಚ ನೆಟ್ಟಗೆ ನಿಲ್ಲುವವರೆಗೆ ತಿರುವಿ, ಏಲಕ್ಕಿ, ಜಾಯಿಕಾಯಿ ಹಾಕಿ, ಬಿಸಿಯಿರುವಾಗಲೇ ರುಬ್ಬಿ. ಬೀಸುಗಲ್ಲು ಇಲ್ಲದ ಕಡೆ ಮಿಕ್ಸಿಗೆ ಸ್ವಲ್ಪ ಸ್ವಲ್ಪವೇ ಹಾಕಿ.

ಫೋನು ಬರುವುದು ಸಾಮಾನ್ಯವಾಗಿ ಈ ಹೊತ್ತಿಗೆ.

"ಅಮ್ಮಾ, ಹೂರಣ ನೀರಾಗೇತೆ, ಏನ್ ಮಾಡ್ಲಿ?"

"ಬಾಣಲಿಗೆ ಹಾಕಿ ಸಣ್ಣ ಉರೀಲಿ ತಿರುವವ್ವ. ಹಿಟ್ಟು ಗಿಟ್ಟು ಸೇರಿಸ್ಬೇಡ. ಆಮೇಲೆ ಅರ್ಧ ಗಂಟೆ ಫ್ರಿಜ್ಜಲ್ಲಿಡು."

ಇಷ್ಟೇ ಉತ್ತರ. ಆ ಫೋನಿಗೆ ಹೊತ್ತು ಗೊತ್ತುಮಾಡಿಕೊಳ್ಳಿ. ನ್ಯೂಯಾರ್ಕಿಗಿಂತ ನಾವು ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹತ್ತೂವರೆ. ಅವರ ಗಡಿಯಾರ ಮಾರ್ಚಿನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಹೋಗುತ್ತದೆ. ದೀಪಾವಳಿ ಆ ಭಾನುವಾರದ ಆಚೆ ಬಿತ್ತೋ ಈಚೆ ಬಿತ್ತೋ ನೋಡಿಕೊಳ್ಳಿ. ಅವರು ಬೆಳಗ್ಗೆ ಏಳಕ್ಕೇ ಹೂರಣ ಮುಗಿಸಿದರೆ ಇಲ್ಲಿ ಸಂಜೆ, ಅಮ್ಮ ಎಚ್ಚರ ಇರುತ್ತಾರೆ. ಅವರ ಮಧ್ಯಾಹ್ನಕ್ಕೆ ಇಲ್ಲಿ ಎಲ್ಲರೂ ಮಲಗಿರುತ್ತಾರೆ.

ತಟ್ಟಲು ಬಾಳೆಎಲೆ ಇಲ್ಲದಿದ್ದರೆ ಕೇಕಿಗೆ ಬಳಸುವ ಬೇಕಿಂಗ್ ಕಾಗದ ಸಾಕು. ಎಣ್ಣೆ ಸವರಿ ತಟ್ಟಿ, ಕಾಗದ ಸಮೇತ ಹೆಂಚಿಗೆ ಮಗುಚಿ, ಒಂದು ಕ್ಷಣ ಬಿಟ್ಟು ಕಾಗದ ಎಳೆಯಿರಿ. ವಿದ್ಯುತ್ ಒಲೆಯಾದರೆ ಹೆಂಚು ಕಾಯಲು ಹತ್ತು ನಿಮಿಷ ಬೇಕು, ಕಾದ ಮೇಲೆ ಉರಿ ತಗ್ಗಿಸಿದರೂ ಬೇಗ ತಣಿಯದು. ಮಧ್ಯಮದಲ್ಲಿ ಇಟ್ಟು ಮುಟ್ಟದೆ ಬಿಡಿ.

ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಜೀರಿಗೆ, ಮೆಣಸು ಹುರಿದು ಒಂದು ಹಿಡಿ ಹೂರಣದ ಜೊತೆ ರುಬ್ಬಿ ಕಟ್ಟಿಗೆ ಬಿಡಿ. ಹುಣಿಸೆ, ಊರಿನಿಂದ ಬಂದ ಖಾರದ ಪುಡಿ, ಇಂಗಿನ ಒಗ್ಗರಣೆ. ಚೆನ್ನಾಗಿ ಕುದಿಯಲಿ.

ಕರಿಯುವ ಕೆಲಸಕ್ಕೆ ಎರಡು ಎಚ್ಚರಿಕೆ. ಅಲ್ಲಿನ ಮನೆಗಳಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ, ಕರ್ಚಿಕಾಯಿ ಕರಿಯುವಾಗಲೂ ಕೂಗುತ್ತದೆ, ಊದುಬತ್ತಿಗೂ ಕೂಗುತ್ತದೆ. ಕಿಟಕಿ ತೆರೆದು, ಚಿಮಣಿ ಫ್ಯಾನ್ ಹಾಕಿ ಶುರುಮಾಡಿ, ಯಂತ್ರಕ್ಕೆ ಬಟ್ಟೆ ಕಟ್ಟಬೇಡಿ. ಕರಿದು ಮಿಕ್ಕ ಎಣ್ಣೆಯನ್ನು ಸಿಂಕಿಗೆ ಸುರಿಯದೆ, ತಣಿದ ಮೇಲೆ ಡಬ್ಬಿಗೆ ಹಾಕಿ ಕಸಕ್ಕೆ ಕೊಡಿ.

ಮಕ್ಕಳ ಶಾಲೆಗೆ ಎಳ್ಳುಬೆಲ್ಲವನ್ನೋ ಶೇಂಗಾ ಉಂಡೆಯನ್ನೋ ಹಂಚಲು ಕಳಿಸುವ ಮುಂಚೆ ಶಿಕ್ಷಕರನ್ನು ಕೇಳಿ. ಅಲರ್ಜಿಯ ಕಾರಣಕ್ಕೆ ಶೇಂಗಾವನ್ನು ಒಳಗೆ ಬಿಡದ ಶಾಲೆಗಳು ಅಲ್ಲಿ ಬಹಳ, ಕೆಲವು ಕಡೆ ಎಳ್ಳೂ ಇಲ್ಲ. ಅಂಥ ಕಡೆ ಸಕ್ಕರೆ ಅಚ್ಚು ಕಳಿಸಿದರೆ ಯಾರಿಗೂ ತೊಂದರೆಯಿಲ್ಲ.

ಉಳಿದ ಬೇಳೆ ಹೋಳಿಗೆಗಳನ್ನು ಪೂರ್ತಿ ಆರಿಸಿ, ನಡುನಡುವೆ ಬೇಕಿಂಗ್ ಕಾಗದ ಇಟ್ಟು, ಗಾಳಿಯಾಡದ ಕವರಿನಲ್ಲಿ ಫ್ರೀಜರಿಗೆ ಹಾಕಿದರೆ ಒಂದು ತಿಂಗಳು ಇರುತ್ತವೆ. ತಿನ್ನುವ ದಿನ ಹೊರಗಿಟ್ಟು ಮೆತ್ತಗಾದ ಮೇಲೆ ಹೆಂಚಿನಲ್ಲಿ ತುಪ್ಪ ಹಾಕಿ ಬಿಸಿ ಮಾಡಿ. ಮೈಕ್ರೋವೇವ್ ಬೇಡ, ಅಂಚು ಬಿರುಸಾಗುತ್ತದೆ. ಸಾರು ಫ್ರಿಜ್ಜಿನಲ್ಲಿ ಎರಡು ದಿನ ಇರಲಿ, ಮರುದಿನವೇ ಅದಕ್ಕೆ ರುಚಿ ಹೆಚ್ಚು.